ಎರಡನೇ ಬಾಟಲಿಯ ತೂಕ

ಮಾರ್ಚ್ 4, ಮಂಗಳವಾರ

ಇಂದಿನಿಂದ ರಜೆ. ನಾನು ಕೇಳಿ ಪಡೆದ ರಜೆಯಲ್ಲ, ಅವರೇ ಕೊಟ್ಟದ್ದು.

ಮೇಲಧಿಕಾರಿಗಳು ಕರೆದು ಕೂರಲು ಹೇಳಿದಾಗಲೇ ಗೊತ್ತಾಯಿತು. ನಮ್ಮ ತೂಕ ಮತ್ತು ಅಳತೆ ಕಚೇರಿಯಲ್ಲಿ ಒಳ್ಳೆಯ ಸುದ್ದಿಯನ್ನು ನಿಂತವರಿಗೇ ಹೇಳಿ ಕಳಿಸುತ್ತಾರೆ. ಮೇಜಿನ ಮೇಲೆ ಒಂದು ಕಿಲೋದ ಕಬ್ಬಿಣದ ಬಟ್ಟು ಇತ್ತು. ತಿರುಗಿಸಿ ತೋರಿಸಿದರು. ಅಡಿಯ ಗುಳಿಯಲ್ಲಿದ್ದ ಸೀಸವನ್ನು ಯಾರೋ ಕೆರೆದು ತೆಗೆದು, ಹಗುರವಾದ ಮೇಣ ತುಂಬಿ, ಮೇಲೆ ಕಪ್ಪು ಬಳಿದಿದ್ದರು. ಪಕ್ಕದಲ್ಲೇ 'ಸರಿಯಿದೆ' ಎಂಬ ಈ ವರ್ಷದ ಮುದ್ರೆ. ಒತ್ತಿದವಳು ನಾನು.

"ಇದು ನಿಮ್ಮ ಕೈ ದಾಟಿ ಹೇಗೆ ಹೋಯ್ತಮ್ಮ?" ಎಂದರು.

"ಗೊತ್ತಿಲ್ಲ ಸಾರ್" ಎಂದೆ. ನಿಜವಾಗಿಯೂ ಗೊತ್ತಿಲ್ಲ. ನಮ್ಮಲ್ಲಿ ಪದ್ಧತಿಯೇ ಇದೆ, ಕೈಗೆ ಮೊದಲು, ಕೈಗೆ ಅನುಮಾನ ಬಂದರೆ ಮಾತ್ರ ತಕ್ಕಡಿಗೆ. ಬಟ್ಟನ್ನು ಅಂಗೈಯಲ್ಲಿ ಎತ್ತಿದ ಕೂಡಲೇ ಸುಳ್ಳು ಗೊತ್ತಾಗಬೇಕು. ನನಗೆ ಯಾವಾಗಲೂ ಗೊತ್ತಾಗುತ್ತಿತ್ತು. ಈಗ ಕೈಯಲ್ಲಿ ಏನಿಟ್ಟರೂ ಒಂದೇ ತೂಕ.

"ಯಜಮಾನರು ಹೋಗಿ ಮೂರು ತಿಂಗಳು ಆಯ್ತಲ್ವಾ? ಮನೇಲಿ ಇರಿ. ಏಪ್ರಿಲ್ ಮಧ್ಯದಲ್ಲಿ ಬನ್ನಿ. ಒಂದು ಮೇಜಿನ ತುಂಬ ಬಟ್ಟು ಇಡ್ತೀನಿ. ಕೆಟ್ಟದ್ದನ್ನ ಕೈಯಲ್ಲೇ ಹುಡುಕಿ ಕೊಡಿ. ಆಗ್ಲಿಲ್ಲ ಅಂದ್ರೆ..." ಎಂದು ಕಾರಿಡಾರಿನ ಕೊನೆಗೆ ಕಣ್ಣು ಹಾಯಿಸಿದರು. ಅಲ್ಲಿರುವುದು ಹಳೆಯ ಕಡತಗಳ ಕೋಣೆ. ಅದರೊಳಗೆ ಹೋದವರು ನಿವೃತ್ತಿಯಾಗಿಯೇ ಹೊರಗೆ ಬಂದದ್ದು.

ಹಿಂದಿನ ಓಣಿಯಿಂದ ಮನೆಗೆ ಬಂದೆ. ದೊಡ್ಡ ರಸ್ತೆ ಹತ್ತಿರದ ದಾರಿ, ಆದರೆ ಅಲ್ಲಿ ನಮ್ಮವರು ಬರೆದ ಬೋರ್ಡುಗಳಿವೆ. ಅವರು ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದರು. ಏಣಿಯಿಂದ ಬಿದ್ದರಾ ಎಂದು ಎಲ್ಲರೂ ಕೇಳುತ್ತಾರೆ. ಇಲ್ಲ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು, ಎದೆ ಹಿಡಿದುಕೊಂಡಿತು, ಅಷ್ಟೇ.

ನಿದ್ದೆಯಿಲ್ಲವೆಂದು ವೈದ್ಯರ ಬಳಿ ಹೋಗಿದ್ದಾಗ, ದಿನಾ ನಾಲ್ಕು ಸಾಲು ಬರೆಯಿರಿ, ಯಾರಿಗೂ ತೋರಿಸಬೇಡಿ ಎಂದಿದ್ದರು. ತೋರಿಸಲು ಯಾರೂ ಇಲ್ಲ. ಇವತ್ತು ನಾಲ್ಕು ಸಾಲಿಗಿಂತ ಹೆಚ್ಚಾಯಿತು.

ಮಾರ್ಚ್ 5, ಬುಧವಾರ

ನಾದಿನಿ ಬಂದಳು. ರಜೆಯ ಸುದ್ದಿ ಅವಳಿಗೆ ಹೇಗೆ ಮುಟ್ಟಿತೋ ತಿಳಿಯದು. ನಮ್ಮವರು ತಮ್ಮ ಈ ತಂಗಿಯನ್ನು ರೇಡಿಯೊ ಎನ್ನುತ್ತಿದ್ದರು. ನಾನು ಮದುವೆಯಾಗಿ ಬಂದಾಗಿನಿಂದ ಈ ರೇಡಿಯೊ ಆಫ್ ಆದದ್ದು ನೋಡಿಲ್ಲ. ಅವಳು ನನ್ನ ಬೆನ್ನ ಹಿಂದೆ ನನ್ನನ್ನು ತಕ್ಕಡಿ ಅತ್ತಿಗೆ ಎನ್ನುತ್ತಾಳೆ. ನಮ್ಮಿಬ್ಬರದು ಎಣ್ಣೆ ಸೀಗೆಕಾಯಿ ಸಂಬಂಧ. ಜಗಳ ಆಡಿದ್ದಿಲ್ಲ, ಆದರೆ ಮಧ್ಯದಲ್ಲಿ ಅವರಿಲ್ಲದೆ ನಾವಿಬ್ಬರೇ ಒಂದು ಕೋಣೆಯಲ್ಲಿ ಕೂತದ್ದೂ ಇಲ್ಲ.

ಬಂದವಳೇ ಕಿಟಕಿ ಪಕ್ಕದ ಕುರ್ಚಿಗೆ ಹೋದಳು. "ಅಲ್ಲಿ ಬೇಡ, ಅಲ್ಲಿ ತಕ್ಕಡಿ ಇಡ್ಬೇಕು" ಎಂದೆ. ಆಗ ಹೊಳೆದದ್ದು. ಆಮೇಲೆ ಮಾತು ಸುಳ್ಳಾಗಬಾರದೆಂದು ಅಟ್ಟದಿಂದ ಕಚೇರಿಯ ಹಳೇ ತಕ್ಕಡಿ ಇಳಿಸಿ ಕುರ್ಚಿಯ ಮೇಲಿಟ್ಟೆ. ಅವಳು ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತಳು.

ಅವಳು ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿ ಸುಗಂಧ ತೈಲಗಳ ಬಗ್ಗೆ ಯಾರೋ ತರಬೇತಿ ಕೊಟ್ಟರಂತೆ. ಚೀಲದಿಂದ ಮೂರು ಡಬ್ಬ ತೆಗೆದಳು.

"ಅತ್ತಿಗೆ, ಒಂದು ಮನಸ್ಸಿಗೆ ಸಮಾಧಾನ ಕೊಡುತ್ತೆ, ಒಂದು ಖುಷಿ ಕೊಡುತ್ತೆ, ಇನ್ನೊಂದು ತಲೆ ತಿಳಿಯಾಗಿಸುತ್ತೆ. ಬರೀ ಮೂಸಿದ್ರೆ ಸಾಕು."

"ಬರೀ ಮೂಸಿದ್ರೆ ಸಾಕು ಅನ್ನೋದಕ್ಕೆ ಪುರಾವೆ?"

"ಅಯ್ಯೋ, ಎಲ್ಲಾದಕ್ಕೂ ಮುದ್ರೆ ಒತ್ತಬೇಕಾ ನಿಮಗೆ?"

ಡಬ್ಬ, ಅದರೊಳಗೆ ಸ್ಪಂಜು, ಸ್ಪಂಜಿನೊಳಗೆ ಬೆರಳುದ್ದದ ಬಾಟಲಿ. ತೂಗಿ ನೋಡಿದೆ. ಡಬ್ಬವೇ ಎಣ್ಣೆಗಿಂತ ಹೆಚ್ಚು. ಮೂಗಿಗಿಂತ ಮೂಗುತಿ ಭಾರ ಎಂದರೆ ಇದೇ. ಹೇಳಿದೆ. ಅವಳು ಮುಖ ಸಣ್ಣದು ಮಾಡಿಕೊಂಡು ಚಹಾ ಕುಡಿಯದೆ ಹೋದಳು. ಬಾಟಲಿಗಳನ್ನು ಒಯ್ಯಲಿಲ್ಲ.

ಮಾರ್ಚ್ 7, ಶುಕ್ರವಾರ

ಯೋಚಿಸಿದೆ. ಪರೀಕ್ಷಿಸದೆ ತಳ್ಳಿಹಾಕುವುದು ಪರೀಕ್ಷಿಸದೆ ಮುದ್ರೆ ಒತ್ತಿದಷ್ಟೇ ತಪ್ಪು. ನಾದಿನಿಗೆ ಫೋನ್ ಮಾಡಿ, ಪರೀಕ್ಷೆ ಮಾಡೋಣ, ನಿಯಮದ ಪ್ರಕಾರ ಎಂದೆ.  ರೇಡಿಯೊ ನಿಂತದ್ದು ಮೊದಲ ಸಲ.

ನಿಯಮಗಳು ಹೀಗೆ. ಅವಳು ಬಾಟಲಿಗಳ ಚೀಟಿ ಕಿತ್ತು, ದಪ್ಪ ಕಾಗದ ಸುತ್ತಿ, ಒಂದು ಎರಡು ಮೂರು ಎಂದು ಬರೆಯಬೇಕು. ಯಾವುದು ಯಾವ ಗುಣದ್ದೆಂದು ನನಗೆ ಹೇಳಬಾರದು. ಗೊತ್ತಿದ್ದರೆ ಆಸೆ ಹುಟ್ಟುತ್ತದೆ, ಆಸೆ ಕೈ ನಡುಗಿಸುತ್ತದೆ. ಸಂಜೆ ಪಾರ್ಲರ್ ಮುಗಿಸಿ ಬಂದು ಹತ್ತಿಗೆ ಕೆಲವು ಹನಿ ಹಾಕಿ ಬಟ್ಟಲಲ್ಲಿಟ್ಟು ನನ್ನ ಮುಂದಿಡಬೇಕು. ಸ್ವಲ್ಪ ಹೊತ್ತು ಮೂಸಬೇಕು. ಆಮೇಲೆ ಅವಳು ಬಟ್ಟೆಯ ಚೀಲದಲ್ಲಿ ಆಲೂಗಡ್ಡೆ ತುಂಬಿ ನನ್ನ ಅಂಗೈಯಲ್ಲಿಡಬೇಕು. ನಾನು ತೂಕ ಹೇಳಬೇಕು. ತಕ್ಕಡಿ ತೀರ್ಪು ಕೊಡುತ್ತದೆ. ಬಾಟಲಿ ಖಾಲಿಯಾದ ದಿನ ಪರೀಕ್ಷೆ ಮುಗಿಯಿತು.

"ಮುಗಿದ ಮೇಲೆ?" ಎಂದು ಕೇಳಿದಳು.

"ಮುಗಿದ ಮೇಲೆ ನೀನು ಬರೋ ತೊಂದರೆ ಇರಲ್ಲ" ಎಂದೆ.

ಇಂದು ಸಂಜೆಯೇ ಬಂದಳು. ಬಾಟಲಿ ಒಂದು. ಸೀನು ಬಂತು. ಅರ್ಧ ಕಿಲೋ ಆಲೂಗಡ್ಡೆಯನ್ನು ಮುಕ್ಕಾಲು ಎಂದೆ. ಅವಳಿಗೆ ನಗು ಬಂತು, ತಡೆದುಕೊಂಡಳು. ನಕ್ಕಿದ್ದರೆ ವಾಸಿಯಿತ್ತು.

ಮಾರ್ಚ್ 8, ಶನಿವಾರ

ಬಾಟಲಿ ಮೂರು. ಕಿತ್ತಳೆ. ಎಷ್ಟು ಕಾಗದ ಸುತ್ತಿದರೂ ಕಿತ್ತಳೆ ಕಿತ್ತಳೆಯೇ. ಅದು ಮನಸ್ಸಿಗೆ ಏನು ಮಾಡುತ್ತದೆಂದು ತಿಳಿಯದು. ನನಗೆ ಹಸಿವಾಯಿತು. ಇಬ್ಬರೂ ಬ್ರೆಡ್ಡು ತಿಂದೆವು. ಕೈ ಎಂದಿನಂತೆ ದಡ್ಡ.

ಮಾರ್ಚ್ 10, ಸೋಮವಾರ

ಬಾಟಲಿ ಎರಡು.

ಹತ್ತಿ ಮೂಗಿನ ಹತ್ತಿರ ಬಂದಾಗ ಯಾವುದೋ ಸೊಪ್ಪು ಜಜ್ಜಿದ ಹಾಗಿತ್ತು. ಅದರ ಹಿಂದಿನಿಂದ ಇನ್ನೊಂದು ವಾಸನೆ ಬಂತು. ಟರ್ಪೆಂಟೈನ್. ಕುಂಚ ತೊಳೆದು, ಕೈ ಒರೆಸಿಕೊಂಡು, ಊಟಕ್ಕೆ ಬಂದು ಕೂತಾಗ ನಮ್ಮವರ ಮೈಯಿಂದ ಬರುತ್ತಿದ್ದ ವಾಸನೆ ಇದೇ. ಸೋಪು ಹಾಕಿ ತೊಳೆದುಕೊಳ್ಳಿ ಎಂದು ಜೀವಮಾನವಿಡೀ ಹೇಳಿದ್ದೆ.

ಕಣ್ಣಿಗೆ ಕಿರಿಕಿರಿಯಾಯಿತು. ಸ್ವಲ್ಪ ಹೆಚ್ಚು ಹೊತ್ತೇ ಆಯಿತು. ನಾದಿನಿಗೂ ಆಯಿತು, ಅವಳು ಮೂಸಿರಲೇ ಇಲ್ಲ, ಬಾಗಿಲ ಬಳಿ ಕೂತಿದ್ದಳು. ಈ ಎಣ್ಣೆ ಕಣ್ಣಿಗೆ ಒಳ್ಳೆಯದಲ್ಲ ಎಂದು ಬರೆದುಕೊಂಡೆ.

ಆಲೂಗಡ್ಡೆ ತೂಗಲಿಲ್ಲ. ಇಬ್ಬರ ಕೈಯೂ ಒದ್ದೆಯಿತ್ತು.

ಮಾರ್ಚ್ 11, ಮಂಗಳವಾರ

ನಿದ್ದೆ ಬಂತು. ಕಾರಣ, ಹಿಂದಿನ ರಾತ್ರಿಗಳಲ್ಲಿ ಬಾರದೆ ಇದ್ದದ್ದರ ದಣಿವು.

ಮಾರ್ಚ್ 17, ಸೋಮವಾರ

ಹಿಂದಿನ ಓಣಿಯನ್ನು ಪೈಪು ಹಾಕಲು ಅಗೆದಿದ್ದಾರೆ. ಅನಿವಾರ್ಯವಾಗಿ ದೊಡ್ಡ ರಸ್ತೆಯಲ್ಲಿ ಹೋದೆ, ತಲೆ ತಗ್ಗಿಸಿಕೊಂಡು. ತಲೆ ತಗ್ಗಿಸಿದ್ದರಿಂದ ತರಕಾರಿಯವಳ ತಕ್ಕಡಿ ಕಣ್ಣಿಗೆ ಬಿತ್ತು. ಎಡತಟ್ಟೆಯ ಅಡಿಯಲ್ಲಿ ಒಣಗಿದ ಮಣ್ಣು ಮೆತ್ತಿಕೊಂಡಿತ್ತು.

"ಅದನ್ನ ತೊಳಿ" ಎಂದೆ.

"ಬಂದ್ರಾ ಅಕ್ಕ! ಎಲ್ಲಿ ಹೋಗಿದ್ರಿ ಇಷ್ಟು ದಿನ? ನೀವಿಲ್ದೆ ಬಜಾರಲ್ಲಿ ಎಲ್ರೂ ನೆಮ್ಮದಿಯಾಗಿದ್ರು" ಎಂದಳು.

ಇದು ಹೊಗಳಿಕೆಯೋ ಅಲ್ಲವೋ ಗೊತ್ತಾಗಲಿಲ್ಲ. ಆಲೂಗಡ್ಡೆ ಕೊಂಡೆ. ಚೀಲ ಎತ್ತಿದಾಗ ಸ್ವಲ್ಪ ಕಡಿಮೆಯಿದೆ ಅನ್ನಿಸಿತು. ಅನ್ನಿಸಿದ್ದು ಮಾತ್ರ. ಮನೆಗೆ ಬಂದು ತೂಗಿದರೆ ಕಡಿಮೆಯೇ ಇತ್ತು. ಕಾಕತಾಳೀಯ.

ಸಂಜೆ ನಾದಿನಿಗೆ ಹೇಳಿದೆ. ಅವಳು ಚಪ್ಪಾಳೆ ತಟ್ಟಿದಳು. ಒಂದು ಚೀಲ ಆಲೂಗಡ್ಡೆಗೆ ಚಪ್ಪಾಳೆ ತಟ್ಟುವ ಮನೆತನ ಅವರದು.

ಮಾರ್ಚ್ 20, ಗುರುವಾರ

ಒಂದನೇ ಬಾಟಲಿ ಕೈಬಿಟ್ಟೆವು, ಸೀನು ನಿಲ್ಲುತ್ತಿಲ್ಲ. ಮೂರನೆಯದನ್ನೂ ಕೈಬಿಟ್ಟೆವು. ಅದು ಮನಸ್ಸಿಗೆ ಮಾಡುವುದಕ್ಕಿಂತ ಬ್ರೆಡ್ಡಿಗೆ ಮಾಡುವುದು ಹೆಚ್ಚು. ಇನ್ನು ಎರಡನೆಯದು ಮಾತ್ರ. ಕಣ್ಣಿನ ಕಿರಿಕಿರಿ ಈಗ ದಿನಾ ಇಲ್ಲ. ಯಾರ ಆಯ್ಕೆ ಎಂದು ಚರ್ಚೆಯಾಗಲಿಲ್ಲ, ಇಬ್ಬರ ಕೈಯೂ ಅದೇ ಬಾಟಲಿಗೆ ಹೋಯಿತು.

ಇಂದಿನಿಂದ ಬಾಟಲಿಯನ್ನೂ ಬೆಳಗ್ಗೆ ತೂಗುತ್ತೇನೆ. ಎಷ್ಟು ಎಣ್ಣೆ ಖರ್ಚಾಗುತ್ತದೆಂದು ತಿಳಿದರೆ ಪರೀಕ್ಷೆ ಯಾವಾಗ ಮುಗಿಯುತ್ತದೆಂದು ತಿಳಿಯುತ್ತದೆ.

ಮಾರ್ಚ್ 24, ಸೋಮವಾರ

ನಾದಿನಿಗೆ ಜ್ವರ. ಬರಲಿಲ್ಲ. ಪರೀಕ್ಷೆ ನಿಲ್ಲಬಾರದೆಂದು ನಾನೇ ಹತ್ತಿಗೆ ಹನಿ ಹಾಕಿ, ನಾನೇ ಚೀಲ ತುಂಬಿ, ನಾನೇ ಎತ್ತಿದೆ. ಪ್ರಯೋಜನವಿಲ್ಲ. ತುಂಬಿದವಳಿಗೆ ತೂಕ ಮೊದಲೇ ಗೊತ್ತಿರುತ್ತದೆ. ಈ ಪರೀಕ್ಷೆಗೆ ಇಬ್ಬರು ಬೇಕು.

ಎಣ್ಣೆ ಅದೇ, ಹನಿ ಅಷ್ಟೇ, ಕೋಣೆ ಅದೇ. ಯಾವ ಗುಣವೂ ಕಾಣಲಿಲ್ಲ. ಹತ್ತಿ ಎದುರಿಗೆ ಸುಮ್ಮನೆ ಕೂತೆ. ಅವರಿಲ್ಲದೆ ನನಗೆ ತುಂಬ ಕಷ್ಟವಾಗುತ್ತಿದೆ. ಇದನ್ನು ಎಲ್ಲಾದರೂ ಒಂದು ಕಡೆ ಬರೆಯಬೇಕಿತ್ತು, ಬರೆದಿದ್ದೇನೆ.

ಮಾರ್ಚ್ 25, ಮಂಗಳವಾರ

ನಾದಿನಿಯ ಮನೆಗೆ ಹೋಗಿ ಗಂಜಿ ಮಾಡಿಟ್ಟು ಬಂದೆ. ಪರೀಕ್ಷಕರ ಆರೋಗ್ಯವೂ ಪರೀಕ್ಷೆಯ ಭಾಗ. ಅವಳ ಗಂಡ ಟಿ.ವಿ. ನೋಡುತ್ತಿದ್ದ. "ದಿನಾ ಸಂಜೆ ನಿಮ್ಮನೇಲಿ ಏನೋ ಮೂಸ್ತಾಳಂತೆ?" ಎಂದ. ಹೌದು ಎಂದೆ. ಮತ್ತೇನೂ ಕೇಳದೆ ಟಿ.ವಿ. ಕಡೆ ತಿರುಗಿದ. ಅವಳ ಅಣ್ಣನ ವಿಷಯ ಆ ಮನೆಯಲ್ಲಿ ಯಾರೂ ಎತ್ತುವುದಿಲ್ಲ ಅಂತ ಕಾಣುತ್ತದೆ. ಗೋಡೆಯ ಮೇಲೆ ಅವರು ಬರೆದುಕೊಟ್ಟ ಮನೆಯ ಹೆಸರಿನ ಹಲಗೆ ಮಾತ್ರ ಇತ್ತು, ಅದರ ಮೇಲೆ ಛತ್ರಿ ನೇತುಹಾಕಿದ್ದರು. ಬರುವಾಗ ಛತ್ರಿ ತೆಗೆದು ಮೂಲೆಯಲ್ಲಿಟ್ಟೆ.

ಮಾರ್ಚ್ 29, ಶನಿವಾರ

ಬಾಟಲಿಯ ತೂಕ ಹೆಚ್ಚಾಗಿದೆ.

ಮತ್ತೆ ತೂಗಿದೆ. ಹೆಚ್ಚೇ. ತಕ್ಕಡಿಯ ದೋಷವೆಂದುಕೊಂಡು ಕಚೇರಿಯಿಂದ ತಂದಿಟ್ಟುಕೊಂಡಿದ್ದ ಮಾದರಿ ಬಟ್ಟುಗಳಿಂದ ಪರೀಕ್ಷಿಸಿದೆ. ತಕ್ಕಡಿ ಸರಿಯಿದೆ. ದಿನಾ ಹನಿ ತೆಗೆದರೂ ಹೆಚ್ಚಾಗುವ ಎಣ್ಣೆಯನ್ನು ನಾನು ನೋಡಿಲ್ಲ. ಹಾಗಿದ್ದಿದ್ದರೆ ನನ್ನ ಇಲಾಖೆಯೇ ಇರುತ್ತಿರಲಿಲ್ಲ.

ಈ ಮನೆಗೆ ಬರುವವರು ಇಬ್ಬರು. ಒಬ್ಬಳು ನಾನು. ನಾನು ಸುರಿದಿಲ್ಲ.

ಏಪ್ರಿಲ್ 3, ಗುರುವಾರ

ಮತ್ತೆ ಹೆಚ್ಚಾಗಿದೆ. ನಾದಿನಿ ಬಂದ ಕೂಡಲೇ ಬಾಟಲಿಯನ್ನು ಅಡುಗೆಮನೆಗೆ ಒಯ್ದು "ಒರೆಸ್ಕೊಂಡು ಬರ್ತೀನಿ" ಎನ್ನುತ್ತಾಳೆ. ಕಾಗದ ಸುತ್ತಿದ ಬಾಟಲಿಯಲ್ಲಿ ಒರೆಸಲು ಏನಿದೆ? ಅವಳ ಚೀಲ ನೋಡಬಹುದಿತ್ತು. ನೋಡಲಿಲ್ಲ. ಕೇಳಬಹುದಿತ್ತು. ಕೇಳಲಿಲ್ಲ.

ನಮ್ಮ ಕಾಯಿದೆಯಲ್ಲಿ ಕಡಿಮೆ ತೂಗಿದವರಿಗೆ ದಂಡವಿದೆ. ಹೆಚ್ಚು ತೂಗಿದವರ ಬಗ್ಗೆ ಏನಾದರೂ ಇದೆಯೇ ಎಂದು ಪುಸ್ತಕ ತೆಗೆದು ನೋಡಿದೆ. ಒಂದು ಸಾಲೂ ಇಲ್ಲ. ಬರೆದವರಿಗೆ ಅಂಥವರು ಇರಬಹುದೆಂದು ಹೊಳೆದಿಲ್ಲ.

ಇಂದು ಚೀಲದ ತೂಕ ಹೇಳಿದೆ. ಒಂದು ಆಲೂಗಡ್ಡೆಯಷ್ಟೂ ವ್ಯತ್ಯಾಸವಿರಲಿಲ್ಲ.

ಏಪ್ರಿಲ್ 6, ಭಾನುವಾರ

ಹತ್ತಿ ಮೂಸುತ್ತ ಇಬ್ಬರೂ ಕೂತಿದ್ದೆವು. ರೇಡಿಯೊ ಇತ್ತೀಚೆಗೆ ಮಧ್ಯೆ ಮಧ್ಯೆ ಸುಮ್ಮನಾಗುತ್ತದೆ. ಇದ್ದಕ್ಕಿದ್ದ ಹಾಗೆ ಹೇಳಿದಳು.

"ಅತ್ತಿಗೆ, ಅಣ್ಣ ಹೋದ ದಿನ ಬಂದವರೆಲ್ಲ ನಿಮ್ಮ ಹತ್ರ ಹೋಗಿ ಕೈ ಹಿಡ್ಕೊಂಡ್ರು. ನನ್ನ ಹತ್ರ ಬಂದವರು ಲೋಟ ಎಲ್ಲಿದೆ ಅಂತ ಕೇಳಿದ್ರು."

ನಿಜ. ನಾನೂ ಕೇಳಿದ್ದೆ.

"ನಿನ್ನೂ ಯಾರಾದ್ರೂ ಕೂರಿಸ್ಬೇಕಿತ್ತು" ಎಂದೆ.

"ಈಗ ಕೂತಿದೀನಲ್ಲ" ಎಂದಳು.

ಸ್ಟೂಲಿನ ಒಂದು ಕಾಲು ಗಿಡ್ಡ. ಅವಳು ಇಷ್ಟು ದಿನವೂ ವಾಲಿಕೊಂಡೇ ಕೂತಿದ್ದಾಳೆ. ನಾಳೆ ಅದರಡಿಗೆ ಏನಾದರೂ ಇಡಬೇಕು.

ಏಪ್ರಿಲ್ 14, ಸೋಮವಾರ

ಕಚೇರಿಗೆ ಹೋದೆ. ಸರ್ಕಾರಿ ರಜೆಯ ದಿನ, ಬೇರೆ ಯಾರೂ ಇರುವುದಿಲ್ಲವೆಂದು ಮೇಲಧಿಕಾರಿಗಳೇ ಇಂದು ಕರೆದಿದ್ದರು. ಮೂಗಿಗೆ ಏನನ್ನೂ ಹಿಡಿದಿರಲಿಲ್ಲ. ಎಣ್ಣೆಯ ಬಲದಲ್ಲಿ ಗೆದ್ದೆ ಎಂದು ನನಗೇ ಅನುಮಾನ ಬರಬಾರದು.

ಮೇಜಿನ ತುಂಬ ಬಟ್ಟು. ಮೇಲಧಿಕಾರಿಗಳು ಕೈ ಕಟ್ಟಿ ನಿಂತರು. ಮೊದಲನೆಯದನ್ನು ಎತ್ತಿದಾಗ ಭಯವಾಯಿತು. ಮೊದಲ ಸಾಲು ಮುಗಿಯಿತು, ಎಲ್ಲ ಒಂದೇ ಥರ ಅನ್ನಿಸಿತು. ಕಾರಿಡಾರಿನ ಕೊನೆಯ ಬಾಗಿಲು ತೆರೆದೇ ಇತ್ತು, ಒಳಗಿನಿಂದ ಹಳೆಯ ಕಾಗದದ ವಾಸನೆ ಬರುತ್ತಿತ್ತು. ಆಮೇಲೆ ಎರಡನೇ ಸಾಲಿನಲ್ಲಿ ಒಂದು ಬಟ್ಟು ಅಂಗೈಯಲ್ಲಿ ಸರಿಯಾಗಿ ಕೂರಲಿಲ್ಲ. ಹೇಗೆಂದು ಹೇಳಲಾರೆ. ಒಬ್ಬರು ಬಂದು ಸ್ಟೂಲಿನ ತುದಿಯಲ್ಲಿ ಕೂತ ಹಾಗೆ ಕೂತಿತು. ಬದಿಗಿಟ್ಟೆ. ಕೊನೆಯ ಸಾಲಿನಲ್ಲಿ ಇನ್ನೊಂದನ್ನು ಬದಿಗಿಟ್ಟೆ.

ಅವರು ಎರಡನ್ನೂ ತಿರುಗಿಸಿದರು. ಎರಡರ ಅಡಿಯಲ್ಲೂ ಮೇಣ.

"ಏನು ಔಷಧಿ ತಗೊಂಡ್ರಿ?" ಎಂದರು.

"ಆಲೂಗಡ್ಡೆ" ಎಂದೆ. ಅವರು ನಗಲಿಲ್ಲ. ಮುಂದಿನ ಸೋಮವಾರ ಕೆಲಸಕ್ಕೆ ಬನ್ನಿ ಎಂದರು. ನನ್ನನ್ನು ಕೂರಲು ಹೇಳಲೇ ಇಲ್ಲ.

ಮನೆಗೆ ದೊಡ್ಡ ರಸ್ತೆಯಲ್ಲಿ ಬಂದೆ. ಹೊಲಿಗೆ ಯಂತ್ರ ರಿಪೇರಿ ಅಂಗಡಿಯ ಬೋರ್ಡಿನಲ್ಲಿ ಕೊನೆಯ ಅಕ್ಷರಕ್ಕೆ ಜಾಗ ಸಾಲದೆ ಅದನ್ನು ಮೂಲೆಗೆ ಒತ್ತಿ ಬರೆದಿದ್ದಾರೆ. ಅಳತೆ ತಗೊಂಡು ಬರೀರಿ ಎಂದು ಎಷ್ಟು ಸಲ ಹೇಳಿದ್ದೆ. ಕಣ್ಣಳತೆ ಸಾಕು ಎನ್ನುತ್ತಿದ್ದರು. ಸಾಲದು ಎಂದು ಅಲ್ಲೇ ನಿಂತು ಹೇಳಿದೆ. ಅಂಗಡಿಯವರು ಹೊರಗೆ ಬಂದು ಏನು ಬೇಕು ಎಂದು ಕೇಳಿದರು. ಹಿಂದಿನ ಓಣಿಯ ಅಗೆತ ಮುಚ್ಚಿ ವಾರವಾಯಿತೆಂದು ಮನೆಗೆ ಬಂದ ಮೇಲೆ ನೆನಪಾಯಿತು.

ಸಂಜೆ ನಾದಿನಿ ಬಂದಳು. "ಕಚೇರಿಯಿಂದ ಏನಾದ್ರೂ ಸುದ್ದಿ ಬಂತಾ?"

"ಪರೀಕ್ಷೆ ಮುಂದಕ್ಕೆ ಹೋಗಿದೆ" ಎಂದೆ.

ಬಾಯಿಗೆ ಬಂದದ್ದು ಅದು. ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಸುಳ್ಳು ಹಿಡಿಯುವ ಕೆಲಸ ಮಾಡಿದವಳಿಗೆ ಸುಳ್ಳು ಹೇಳುವುದು ಇಷ್ಟು ಸುಲಭವೆಂದು ಗೊತ್ತಿರಲಿಲ್ಲ. ಅವಳು "ಪಾಪ" ಎಂದಳು, ಆದರೆ ಮುಖ ಬೆಳಗಿತು.

ಏಪ್ರಿಲ್ 15, ಮಂಗಳವಾರ

ಒಂದು ವಾರದಿಂದ ಬಾಟಲಿಯ ತೂಕ ಬರೀ ಇಳಿಯುತ್ತಿದೆ. ಅವಳು ಸುರಿಯುವುದನ್ನು ನಿಲ್ಲಿಸಿದ್ದಾಳೆ. ಇಂದು ಬೆಳಗ್ಗೆ ಅಲ್ಲಾಡಿಸಿದರೆ ತಳದಲ್ಲಿ ಸ್ವಲ್ಪ ಸದ್ದು, ಅಷ್ಟೇ. ಅವಳಿಗೂ ಸಾಕಾಗಿರಬೇಕು. ದಿನವೆಲ್ಲ ನಿಂತು ಕೆಲಸ ಮಾಡಿ ಬಂದು ಗಿಡ್ಡ ಕಾಲಿನ ಸ್ಟೂಲಿನ ಮೇಲೆ ಕೂರಲು ಯಾರಿಗಾದರೂ ಸಾಕಾಗುತ್ತದೆ. ನಿಯಮ ನಾನೇ ಮಾಡಿದ್ದು. ಖಾಲಿಯಾದ ದಿನ ಮುಗಿಯಿತು.

ಬೇಸರವಾಯಿತು. ಮೇಲಧಿಕಾರಿಗಳು ಕಡತಗಳ ಕೋಣೆಯ ಕಡೆ ನೋಡಿದಾಗ ಆದದ್ದಕ್ಕಿಂತ ಹೆಚ್ಚು.

ಪೇಟೆಯಲ್ಲಿ ಸುಗಂಧ ತೈಲದ ಅಂಗಡಿ ಹುಡುಕಿದೆ. ಹೆಸರು ಗೊತ್ತಿಲ್ಲ, ಮೂಸಿ ಹೇಳುತ್ತೇನೆ ಎಂದೆ. ಅಂಗಡಿಯವರು ಒಂದೊಂದೇ ಮುಚ್ಚಳ ತೆರೆದರು. ಕೊನೆಗೆ ಸಿಕ್ಕಿತು.

"ರೋಸ್‌ಮೆರಿ. ತಲೆ ಚುರುಕಾಗುತ್ತೆ, ನೆನಪು ಚೆನ್ನಾಗಾಗುತ್ತೆ ಅಂತಾರೆ."

"ಅಂತಾರೆ ಅನ್ನೋದಿರ್ಲಿ. ನಿಮಗೆ ಆಗಿದೆಯಾ?"

"ನನಗೆಲ್ಲಮ್ಮ? ಈ ಅಂಗಡಿ ಇಟ್ಟಾಗಿನಿಂದ ಮೂಗೇ ಕಟ್ಟಿದೆ."

ಪ್ರಾಮಾಣಿಕ ಮನುಷ್ಯ. ತೂಗಿಯೂ ಸರಿಯಾಗಿ ಕೊಟ್ಟರು. ಈಗ ಹೆಸರೂ ಗುಣವೂ ನನಗೆ ತಿಳಿದುಹೋಯಿತು, ನಿಯಮದ ಪ್ರಕಾರ ಪರೀಕ್ಷೆ ಇಲ್ಲಿಗೆ ಅಮಾನ್ಯ. ಮನೆಗೆ ಬಂದು ಎರಡನೇ ಬಾಟಲಿಯನ್ನು ಕುತ್ತಿಗೆಯವರೆಗೆ ತುಂಬಿಸಿದೆ, ಪರೀಕ್ಷೆಯ ನಿರಂತರತೆಗಾಗಿ.

ಆಮೇಲೆ ಅವಳ ಫೋನ್ ಬಂತು. ಪಾರ್ಲರಿನಲ್ಲಿ ಗಿರಾಕಿಗಳಿದ್ದಾರೆ, ನಾಳೆ ಬರುತ್ತೇನೆ ಎಂದಳು. ಬಾಟಲಿ ಹಾಗೇ ಕೂತಿದೆ.

ಏಪ್ರಿಲ್ 16, ಬುಧವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಾದಿನಿ ಬಂದಳು. ಬಾಟಲಿ ಎತ್ತಿಕೊಂಡು "ಒರೆಸ್ಕೊಂಡು ಬರ್ತೀನಿ" ಎಂದು ಅಡುಗೆಮನೆಗೆ ಹೋದಳು. ವಾರದಿಂದ ಇಲ್ಲದ ಒರೆಸುವಿಕೆ ಇಂದು ಮತ್ತೆ ಏಕೆ ಬಂತು ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯುವ ಹೊತ್ತಿಗೆ ಒಳಗಿನಿಂದ "ಅಯ್ಯಯ್ಯೋ!" ಎಂದು ಕೇಳಿಸಿತು.

ಓಡಿಹೋದೆ. ಕಟ್ಟೆಯ ಮೇಲೆ ಎಣ್ಣೆ ಹರಿಯುತ್ತಿತ್ತು. ಅವಳ ಎಡಗೈಯಲ್ಲಿ ಎರಡನೇ ಬಾಟಲಿ, ಬಲಗೈಯಲ್ಲಿ ಪಾರ್ಲರಿನ ದೊಡ್ಡ ಬಾಟಲಿ. ಕಾಗದ ಸುತ್ತಿದ್ದರಿಂದ ಒಳಗೆ ಎಷ್ಟಿದೆಯೆಂದು ಕಾಣುವಂತಿರಲಿಲ್ಲ. ಖಾಲಿಯೆಂದುಕೊಂಡು ದೊಡ್ಡದನ್ನು ಅದಕ್ಕೆ ಬಗ್ಗಿಸಿದ್ದಳು. ಅಂಗೈ, ಮೊಣಕೈ, ಬಟ್ಟೆ, ಕಟ್ಟೆ, ಸಕ್ಕರೆ ಡಬ್ಬ, ಎಲ್ಲ ಎಣ್ಣೆ. ಮನೆಯ ತುಂಬ ಆ ವಾಸನೆ. ಹತ್ತಿಯಿಂದ ಬಂದ ಹಾಗಲ್ಲ. ಒಬ್ಬರು ಕುಂಚ ತೊಳೆದು ಈಗಷ್ಟೇ ಒಳಗೆ ಬಂದ ಹಾಗೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

"ಇದು ತುಂಬಿತ್ತು" ಎಂದಳು.

"ಹೌದು."

"ಖಾಲಿಯಾಗಿತ್ತಲ್ಲ?"

"ಆಗಿತ್ತು."

ಅವಳು ಕಟ್ಟೆಯ ಮೂಲೆಯಲ್ಲಿ ನಾನು ಮರೆತಿಟ್ಟಿದ್ದ ಅಂಗಡಿಯ ಡಬ್ಬ ನೋಡಿದಳು. ನೋಡುತ್ತಲೇ ಇದ್ದಳು.

"ನಾನೇ ತುಂಬಿಸ್ತಿದ್ದೆ ಅತ್ತಿಗೆ. ಹೋದ ವಾರ ಪಾರ್ಲರಲ್ಲಿ ಸ್ಟಾಕ್ ಬಂದಿರ್ಲಿಲ್ಲ, ಅದಕ್ಕೇ ಆಗ್ಲಿಲ್ಲ. ಮುಗಿದ್ರೆ ನೀವು ಬರೋದು ಬೇಡ ಅಂತೀರಲ್ಲ ಅಂತ..."

"ಗೊತ್ತಿತ್ತು. ದಿನಾ ತೂಗ್ತಿದ್ದೆ."

"ಗೊತ್ತಿದ್ದೂ ಹೇಳ್ಲಿಲ್ವಾ?"

"ಹೆಚ್ಚು ತೂಗಿದವರ ಮೇಲೆ ಕೇಸು ಹಾಕೋಕೆ ಬರಲ್ಲ."

ಅವಳು ನಕ್ಕಳು. ನಕ್ಕು ನಕ್ಕು ಅಲ್ಲೇ ನೆಲದ ಮೇಲೆ ಕೂತಳು. ಕೂತು ಅತ್ತಳು. ಜೋರಾಗಿ, ನಾಚಿಕೆಯಿಲ್ಲದೆ, ಅಣ್ಣ ಅಣ್ಣ ಎಂದು. ಅಳುವವರಿಗೆ ಏನು ಮಾಡಬೇಕೆಂದು ನನಗೆ ಗೊತ್ತಿಲ್ಲ, ಸಾಮಾನ್ಯವಾಗಿ ಚಹಾ ಮಾಡುತ್ತೇನೆ. ಒಲೆಯ ಪಕ್ಕವೆಲ್ಲ ಎಣ್ಣೆಯಿದ್ದದ್ದರಿಂದ ಒಲೆ ಹಚ್ಚುವಂತಿರಲಿಲ್ಲ. ಹಾಗಾಗಿ ನಾನೂ ನೆಲದ ಮೇಲೆ ಕೂತು ಅವಳ ಕೈ ಹಿಡಿದುಕೊಂಡೆ. ಜಾರುತ್ತಿತ್ತು, ಗಟ್ಟಿಯಾಗಿ ಹಿಡಿಯಬೇಕಾಯಿತು.

"ಪರೀಕ್ಷೆ ಮುಂದಕ್ಕೆ ಹೋಗಿಲ್ಲ. ಸೋಮವಾರವೇ ಮುಗೀತು. ಪಾಸಾದೆ" ಎಂದೆ.

"ತಕ್ಕಡಿ ಅತ್ತಿಗೆ ಸುಳ್ಳು ಹೇಳಿದ್ರಾ!" ಎಂದಳು. ಆ ಹೆಸರನ್ನು ಮುಖದ ಮುಂದೆ ಹೇಳಿದ್ದು ಅದೇ ಮೊದಲು.

ಕಿಟಕಿ ತೆರೆಯಬೇಕಿತ್ತು. ಇಬ್ಬರೂ ಏಳಲಿಲ್ಲ. ಕತ್ತಲಾಗುವವರೆಗೆ ಅಲ್ಲೇ ಕೂತಿದ್ದೆವು.

ಏಪ್ರಿಲ್ 21, ಸೋಮವಾರ

ಕೆಲಸಕ್ಕೆ ಹೋದೆ. ಬಜಾರಿನಲ್ಲಿ ಎರಡು ಕೆಟ್ಟ ಬಟ್ಟು ಹಿಡಿದೆ. ತರಕಾರಿಯವಳು ತಟ್ಟೆ ತೊಳೆದಿದ್ದಳು, ನಾನು ಬರುವುದನ್ನು ಯಾರೋ ಮೊದಲೇ ಹೇಳಿರಬೇಕು.

ಕಚೇರಿಯ ತಕ್ಕಡಿಯನ್ನೂ ಮಾದರಿ ಬಟ್ಟುಗಳನ್ನೂ ಬೆಳಗ್ಗೆಯೇ ಒಯ್ದು ಹಿಂದಿರುಗಿಸಿದೆ.

ಪರೀಕ್ಷೆಯ ಫಲಿತಾಂಶ ಬರೆದು ಮುಗಿಸಬೇಕು. ರೋಸ್‌ಮೆರಿ 'ತಲೆಯನ್ನು ತಿಳಿಯಾಗಿಸುತ್ತದೆ' ಎಂಬ ಮಾತನ್ನು ನಾನು ಸಮರ್ಥಿಸಲಾರೆ. ಅಲ್ಲಗಳೆಯಲೂ ಆರೆ. ಎಣ್ಣೆ ಇದ್ದ ದಿನವೆಲ್ಲ ನಾದಿನಿಯೂ ಇದ್ದಳು. ನಾದಿನಿ ಇಲ್ಲದ ದಿನ ಎಣ್ಣೆಯೊಂದೇ ಇತ್ತು, ಆ ದಿನದ ಪುಟ ನೋಡಿದೆ, ಅದರಲ್ಲಿ ಒಳ್ಳೆಯದೇನೂ ಬರೆದಿಲ್ಲ. ಎಣ್ಣೆಯಿಲ್ಲದೆ ನಾದಿನಿ ಮಾತ್ರ ಇರುವ ದಿನ ಏನಾಗುತ್ತದೆಂದು ಇನ್ನೂ ಪರೀಕ್ಷಿಸಿಲ್ಲ. ಪರೀಕ್ಷೆ ಅಪೂರ್ಣ. ಇದಕ್ಕೆ ಬಹಳ ವರ್ಷ ಹಿಡಿಯಬಹುದು.

ಸಂಜೆ ಅವಳು ಬಂದಳು. ಕೈಯಲ್ಲಿ ಬಾಟಲಿಯಿರಲಿಲ್ಲ, ನಾನೂ ಕೇಳಲಿಲ್ಲ. ಪಾರ್ಲರಿನ ಯಾವುದೋ ಜಗಳದ ಕಥೆ ಹೇಳುತ್ತಲೇ ಒಳಗೆ ಬಂದು, ಹೇಳುತ್ತಲೇ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಳು. ಕೂತ ಮೇಲೆ ಗೊತ್ತಾಗಿ ಮಾತು ನಿಲ್ಲಿಸಿ ನನ್ನ ಮುಖ ನೋಡಿದಳು.

ತಕ್ಕಡಿ ಕಚೇರಿಗೆ ಹೋಗಿತ್ತು. ಕುರ್ಚಿ ಖಾಲಿಯಿತ್ತು. ಅಲ್ಲಿ ಬೇಡ ಎನ್ನಲು ಯಾವ ಕಾರಣವೂ ಇರಲಿಲ್ಲ.

"ಆಮೇಲೆ ಏನಾಯ್ತು, ಹೇಳು" ಎಂದೆ.